ಅಬು ಸಾಲೆಮ್‌ನ ತೀರ

ಅರಬ್ ನಾಡಿನ ರಾಸ್ ಅಲ್ ಖೈರ್‌ನ ಹತ್ತಿರದ ಕಡಲತೀರ. ಶುಕ್ರವಾರ ಬೆಳಿಗ್ಗೆ ನನ್ನ ತಂಗಿಯ ಗಂಡ ಸುಧಾಕರ ಗಾಳ ಹಾಕಿ ನಿಂತಿದ್ದ. ಇಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರದಲ್ಲಿ ಅವನು ಫಿಟ್ಟರ್.

"ಪರವಾನಗಿ ಬೇಡವಾ?" ಎಂದು ಕೇಳಿದೆ.

"ಎಂತದೂ ಬೇಡ ಭಾವ. ಇಲ್ಲಿ ಅಬು ಸಾಲೆಮ್ ಹೇಳಿದ್ದೇ ಕಾನೂನು" ಎಂದು, ದೋಣಿಯ ಪಕ್ಕ ಬಲೆ ಬಿಡಿಸುತ್ತಿದ್ದ ಮುದುಕನನ್ನು ತೋರಿಸಿದ. ಮೊಟ್ಟೆಯಿರುವ ಮೀನನ್ನು ನೀರಿಗೆ ಬಿಡಬೇಕು, ಅದೊಂದೇ ಅವನ ಕಟ್ಟಳೆಯಂತೆ.

ಅಷ್ಟರಲ್ಲಿ ಕರಾವಳಿ ಕಾವಲಿನವರ ಜೀಪು ಬಂತು. ಎಳೆಯ ವಯಸ್ಸಿನ ಅಧಿಕಾರಿ ಕೈಚಾಚಿ, "ಇಕಾಮಾ" ಎಂದ. ಸುಧಾಕರ ವಾಸದ ಆ ಕಾರ್ಡನ್ನು ತೆಗೆದು ಕೊಟ್ಟ.

"ಕೇಸಾದ್ರೆ ಊರಿಗೆ ಕಳಿಸ್ತಾರೆ ಭಾವ. ಮಕ್ಕಳ ಶಾಲೆ ಉಂಟು" ಎಂದು ಪಿಸುಗುಟ್ಟಿದ.

ಅಬು ಸಾಲೆಮ್ ಎದ್ದು ಬಂದು ಗಟ್ಟಿಯಾಗಿ ಏನೋ ಹೇಳಿದ.

"ಇವರಿಗೆ ಒಪ್ಪಿಗೆ ಕೊಟ್ಟದ್ದು ನಾನು, ಇದು ನನ್ನ ಅಜ್ಜನ ತೀರ ಅಂತಿದ್ದಾನೆ" ಎಂದ ಸುಧಾಕರ.

ಅಧಿಕಾರಿ ಸಿಟ್ಟಾಗಲಿಲ್ಲ. ಮುದುಕನ ಹಣೆಗೆ ಗೌರವದಿಂದ ಮುತ್ತಿಟ್ಟು, ಮೆಲ್ಲಗೆ ಉತ್ತರಿಸಿದ. ನನಗೆ 'ರಿಯಾದ್' ಎಂಬುದೊಂದೇ ಅರ್ಥವಾಯಿತು. ಉಳಿದದ್ದನ್ನು ಸುಧಾಕರ ಹೇಳಿದ: ನಿಯಮ ಈಗ ಆ ರಾಜಧಾನಿಯಿಂದ ಬರುತ್ತದಂತೆ. ಮೊದಲು ನಿನ್ನ ಪರವಾನಗಿ ತೋರಿಸು ಎಂದನಂತೆ.

ಅಬು ಸಾಲೆಮ್‌ನ ಬಳಿಯೂ ಅದು ಇರಲಿಲ್ಲ.

ಅಧಿಕಾರಿ ಕಾರ್ಡನ್ನು ಮರಳಿಸಿ, "ಯಲ್ಲಾ" ಎಂದು ನಮಗೆ ರಸ್ತೆ ತೋರಿಸಿದ. ಮುದುಕನಿಗೆ ಜೀಪಿನ ಬಾಗಿಲು ತೆರೆದ.

"ಅವನನ್ನು ಎಂತ ಮಾಡ್ತಾರೆ?"

"ತಿರುಗಿ ನೋಡ್ಬೇಡಿ ಭಾವ" ಎಂದ ಸುಧಾಕರ. ಗಾಳವನ್ನು ಅಲ್ಲೇ ಬಿಟ್ಟು ಕಾರಿಗೆ ಓಡಿದೆವು.