ಬೆಂಕಿ ಕಾಯುವ ಪಾಳಿ

ಮಗಳು ಆರನೇ ಕ್ಲಾಸಿನಲ್ಲಿದ್ದ ವರ್ಷ, ೨೦೦೬ರ ಸುಮಾರಿಗೆ, ಅತ್ತೆ ನವರಾತ್ರಿಗೆ ಊರಿನಿಂದ ಬಂದು ಪರದೇಶದ ಶೋರ್‌ಲೈನ್‌ ಎಂಬ ಊರಿನ ನಮ್ಮ ಮನೆಯಲ್ಲಿದ್ದರು. ಬಾಗಲಕೋಟೆಯ ಪದ್ಧತಿಯಂತೆ ದೇವರ ಮುಂದೆ ನಂದಾದೀಪ ಇಟ್ಟರು. ಒಂಬತ್ತು ದಿನ ನಂದಬಾರದು. ನಮ್ಮದು ಮರದ ಮನೆ, ನೆಲಕ್ಕೆಲ್ಲ ಕಾರ್ಪೆಟ್. ದೀಪ ಹೋದೀತೆಂಬ ಚಿಂತೆ ಅವರಿಗೆ, ಮನೆ ಹೊತ್ತೀತೆಂಬ ಚಿಂತೆ ನನಗೆ. ನನ್ನ ಗೊಣಗಾಟ ಕೇಳಿ ಅವರು ದೀಪದ ಮುಂದೆಯೇ ಚಾಪೆ ಹಾಸಿ ಕೂತುಬಿಟ್ಟರು. ಊಟ ಅಲ್ಲೇ, ತೂಕಡಿಕೆ ಅಲ್ಲೇ. ಕಣ್ಣು ಕೆಂಪಾದವು, ಕಾಲು ಬಾತುಕೊಂಡವು.

"ಸ್ವಲ್ಪ ಮಲಗಿ, ನಾನು ನೋಡ್ಕೋತೀನಿ" ಎಂದರೆ, "ಮಡಿ ಗಿಡಿ ನಿನಗ ಆಗೂದಿಲ್ಲ, ಬಿಡವಾ" ಎನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು. ಆ ಕಾಲು ನೋಡಿದರೆ ಸಂಕಟವೂ ಆಗುತ್ತಿತ್ತು.

ಮಗಳಿಗೆ ಶಾಲೆಯಲ್ಲಿ ಆಗ ಪ್ರಾಚೀನ ರೋಮಿನ ಪಾಠ. ವೆಸ್ಟಾ ಎಂಬ ಒಲೆಯ ದೇವಿ, ಅವಳ ಗುಡಿಯಲ್ಲಿ ಎಂದೂ ನಂದದ ಬೆಂಕಿ, ಅದನ್ನು ಕಾಯಲು ಆರು ಮಂದಿ ಪೂಜಾರಿಣಿಯರು. ಅಲ್ಲಿ ಅಷ್ಟು ಜನ ಸೇರಿ ಕಾಯುತ್ತಿದ್ದರು, ಇಲ್ಲಿ ಅಜ್ಜಿ ಒಬ್ಬರೇ ಯಾಕೆ ಎಂದು ಅವಳು ಇಂಗ್ಲಿಷಿನಲ್ಲಿ ಜಗಳಕ್ಕೇ ನಿಂತಳು. ನಾನು ಅತ್ತೆಗೆ ತಿಳಿಸಿ ಹೇಳಿದೆ.

"ಒಲೀನ್ನ ದೇವ್ರು ಅಂತಾರಂದ್ರ ಶಾಣ್ಯಾ ಮಂದಿನ ಅವರು" ಎಂದರು. ಸೊಸೆಯನ್ನು ನಂಬದವರು ರೋಮನ್ನು ನಂಬಿದರು. ಆ ಸಂಜೆ ಮೊಮ್ಮಗಳನ್ನು ದೀಪದ ಮುಂದೆ ಕೂರಿಸಿ ಸ್ನಾನಕ್ಕೆ ಹೋದರು.

ಬತ್ತಿಯ ತುದಿಯಲ್ಲಿ ಕರಿ ಕಟ್ಟಿತ್ತು. ಅಜ್ಜಿ ಅದನ್ನು ಕಡ್ಡಿಯಿಂದ ತೆಗೆಯುವುದನ್ನು ನೋಡಿದ್ದ ಹುಡುಗಿ ತಾನೂ ತೆಗೆಯಲು ಹೋದಳು. ಬತ್ತಿ ಎಣ್ಣೆಯೊಳಗೆ ಜಾರಿ ದೀಪ ಹೋಯಿತು.

ಅವಳ ಕೂಗಿಗೆ ನಾನು ಅಡುಗೆಮನೆಯಿಂದ ಓಡಿಬಂದೆ. ಅತ್ತೆಯೂ ಒದ್ದೆ ಕೂದಲಲ್ಲೇ ಬಂದರು. ಮಗಳು ಬಿಕ್ಕುತ್ತ ಅಂಗೈಗಳನ್ನು ಮುಂದೆ ಚಾಚಿದಳು. ರೋಮಿನಲ್ಲಿ ಬೆಂಕಿ ನಂದಲು ಬಿಟ್ಟವಳನ್ನು ಮುಖ್ಯ ಪುರೋಹಿತ ಚಾಟಿಯಿಂದ ಹೊಡೆಯುತ್ತಿದ್ದನಂತೆ. ಊರಿಗೇ ಕೇಡು ಎನ್ನುತ್ತಿದ್ದರಂತೆ. "ಐ ಆ್ಯಮ್ ಸಾರಿ, ಅಜ್ಜಿ" ಎಂದಳು. ಇದನ್ನೆಲ್ಲ ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಏನೆಂದಾರೋ ಎಂಬ ಭಯ ನನಗೂ ಇತ್ತು.

ಅತ್ತೆ ಆ ಅಂಗೈಗಳನ್ನು ಸೆರಗಿನಿಂದ ಒರೆಸಿದರು. "ಹುಚ್ಚಿ, ಹೊಡ್ಯಾಂವ ಗಂಡಸಲ್ಲೇನ? ಕೂತು ಕಾದಿದ್ರ ಗೊತ್ತಾಗ್ತಿತ್ತು ಅವಗ. ದೀಪ ಶಾಂತ ಆದ್ರ ಮತ್ತ ಹಚ್ಚಬೇಕು, ಅಷ್ಟ."

ಹೊಸ ಬತ್ತಿ ಇಟ್ಟು, ಕಡ್ಡಿಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟರು. ದೀಪ ಹತ್ತಿತು. ತಾವು ತಪ್ಪಾಯಿತೆಂದು ಗಲ್ಲ ಬಡಿದುಕೊಂಡರು.

"ಇನ್ನ ನೀನ ನೋಡ್ಕೊ" ಎಂದು ಮೊಮ್ಮಗಳಿಗೆ ಹೇಳಿ, ಒಳಗೆ ಹೋಗಿ ಮಂಚದ ಮೇಲೆ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.