ಪಾಠ ಶುರುವಾದ ಹೊತ್ತು

ಕಂಪ್ಯೂಟರಿನ ಕೀಲಿಗಳ ಮೇಲೆ ಅವರ ಬೆರಳು ಬೀಳುವ ಸದ್ದು ನಮ್ಮ ಮನೆಯ ಕಟ್ಟೆಯವರೆಗೂ ಕೇಳುತ್ತಿತ್ತು. ಜೀವಮಾನವಿಡೀ ಟೈಪ್‌ರೈಟರ್ ಕುಟ್ಟಿದ ಬೆರಳುಗಳು. ತುದಿ ಚಪ್ಪಟೆ, ಉಗುರಿನ ಸಂದಿಯಲ್ಲಿ ಹಳೆಯ ರಿಬ್ಬನ್ನಿನ ಮಸಿ ಇನ್ನೂ ಇದ್ದ ಹಾಗೆ. ಒಂದು ಸಾಲು ಮುಗಿದರೆ ಸಾಕು, ಎಡಗೈ ತಾನಾಗಿಯೇ ಮೇಲೆದ್ದು, ಅಲ್ಲಿ ಇಲ್ಲದ ಟೈಪ್‌ರೈಟರಿನ ಹಿಡಿಕೆಯನ್ನು ಬಲಕ್ಕೆ ತಳ್ಳಿ ಬರುತ್ತಿತ್ತು. ಗಾಳಿಯನ್ನು ತಳ್ಳಿದ ಮೇಲೆಯೇ ಮುಂದಿನ ಸಾಲು.

ಶಹಾಪುರದ ನಮ್ಮ ಓಣಿಗೆಲ್ಲ ಅವರು ಟೈಪಿಂಗ್ ಕಾಕಾ. ತಹಸೀಲ್ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕುಳಿತು ಊರವರ ಅರ್ಜಿಗಳನ್ನು ಟೈಪು ಮಾಡಿಕೊಟ್ಟವರು. ಆ ಕಾಲ ಮುಗಿದ ಮೇಲೆ ನಮ್ಮ ಎದುರಿಗಿದ್ದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇಟ್ಟುಕೊಂಡು ವಿಡಿಯೋ ನೋಡಲು ಕುಳಿತರು. ಪರದೆಯ ಅರ್ಧ ಭಾಗದಲ್ಲಿ ವಿಡಿಯೋ, ಇನ್ನರ್ಧದಲ್ಲಿ ಬರೀ ಅಕ್ಷರ ಬೀಳುವ ನೋಟ್‌ಪ್ಯಾಡ್. ಎಡಗಡೆ ವಿಡಿಯೋದ ನಿಮಿಷ, ಸೆಕೆಂಡು. ಅದರ ಮುಂದೆ ಆ ಹೊತ್ತಿಗೆ ಏನು ಹೇಳಿದರು ಎಂಬುದು, ಒಂದೇ ಸಾಲಿನಲ್ಲಿ. ಬೋರ್‌ವೆಲ್ ಮೋಟಾರಿನ ರಿಪೇರಿ, ಬಿರಿಯಾನಿ, ಮೊಣಕಾಲು ನೋವಿನ ಮದ್ದು, ಯಾವುದಾದರೂ ಸರಿ. ಅವರಿಗೆ ಮೆಚ್ಚುಗೆಯಾದ ವಿಡಿಯೋ ಒಂದನ್ನೂ ನಾನು ಕಾಣಲಿಲ್ಲ.

ನನಗೂ ಅವರೆಂದರೆ ತಾತ್ಸಾರವೇ. ಕೆಲಸವಿಲ್ಲದ ಮುದುಕ, ಕಂಡವರ ಮಾತಿಗೆ ಹೊತ್ತು ಹಾಕಿಕೊಂಡು ಕೂತಿದ್ದಾನೆ ಎಂದು ನಗುತ್ತಿದ್ದೆ. ಆಗ ನಾನು ಶಿಕ್ಷಕರ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಬಿದ್ದವಳು. ವಯಸ್ಸಿನ ಮಿತಿ ದಾಟುವ ಮುಂಚೆ ಉಳಿದಿದ್ದು ಒಂದೇ ಪರೀಕ್ಷೆ. ಓದುವುದೆಂದರೆ ಕಟ್ಟೆಯ ಹೊರಸಿನ ಮೇಲೆ ಅಡ್ಡಾಗಿ ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡುವುದು. ದೊಡ್ಡ ಊರಿನ ಒಬ್ಬ ಸರ್ ಇದ್ದರು, ಲಕ್ಷಾಂತರ ಮಂದಿ ಅವರನ್ನು ನೋಡುತ್ತಿದ್ದರು. ನಾನು ದೇವರ ಮುಂದೆ ಕೂತವಳ ಹಾಗೆ ನೋಡುತ್ತಿದ್ದೆ.

ಒಂದು ಸಂಜೆ ಕಾಕಾ ಕಿಟಕಿಯಿಂದಲೇ ಕೇಳಿದರು: "ಏನವ್ವಾ, ಕಣ್ಣಿಗಿ ಊಟ ಮಾಡ್ಸಾಕತ್ತೀಯೇನು?"

"ಪಾಠ ಕೇಳಾಕತ್ತೇನ್ರಿ ಕಾಕಾ."

"ಹೌದಾ? ನಿನ್ನೆ ಏನು ಕೇಳ್ದಿ, ಹೇಳು ನೋಡಾಣು."

ನಾನು ಬಾಯಿ ತೆರೆದೆ. ನೆನಪಿಗೆ ಬಂದಿದ್ದು ಸರ್ ಅವರ ನೀಲಿ ಅಂಗಿ ಮಾತ್ರ. ಒಳಗಿನಿಂದ ನಮ್ಮ ಅವ್ವ ರೊಟ್ಟಿ ಬಡಿಯುತ್ತಲೇ ಕೂಗಿದಳು: "ಎದ್ದು ಹೋಗು! ಕಾಕಾನ ಹಂತ್ಯಾಕ ಕುಂದ್ರು. ಹೊರಸೂ ಉಳೀತಾದ, ನೀನೂ ಉಳೀತಿ."

ಹೀಗೆ ನಾನು ಆ ಕೋಣೆಗೆ ಹೋದೆ. ನನ್ನ ನಾಲ್ಕು ಬಣ್ಣದ ಪೆನ್ನುಗಳನ್ನು ಕಂಡು ಅವರ ಮುಖ ಹುಣಿಸೆ ತಿಂದಂತಾಯಿತು. "ಬಣ್ಣ ಹಚ್ಚಾಕ ಅಕ್ಷರೇನು ಎತ್ತಿನ ಕೋಡೇನು? ಎತ್ತಿಡು." ತಾನಾಗಿಯೇ ಟಿಪ್ಪಣಿ ಬರೆದುಕೊಡುವ ಆ್ಯಪ್ ಇದೆ ಎಂದೆ. "ಹಂಗಾದ್ರ ನೌಕರಿನೂ ಅದಕ್ಕಽ ಕೊಡ್ಲಿ ಬಿಡು. ನೀ ಮನ್ಯಾಗ ಮಲ್ಕೋ."

ಅವರ ಕಾಯಿದೆ ಬೇವಿನ ಗಿಡದ ಕೆಳಗಿನದು. ಅರ್ಜಿ ಕೊಡಲು ಬಂದವನು ಹೇಳಿದ್ದನ್ನು ಬರೆಯಬೇಕು, ಬರೆಯುವವನು ತನ್ನ ಅಕಲ್ ಸೇರಿಸಬಾರದು. ವಿಡಿಯೋಕ್ಕೂ ಅದೇ. ಹೊತ್ತು ಬರಿ, ಹೇಳಿದ್ದು ಬರಿ. ಏನೂ ಹೇಳದಿದ್ದರೆ 'ಏನೂ ಇಲ್ಲ' ಎಂದು ಬರಿ.

ಮೊದಲ ದಿನ ಸರ್ ಅವರ ಒಂದು ತಾಸಿನ ಪಾಠಕ್ಕೆ ನಾನು ಮೂರು ಪುಟ ತುಂಬಿಸಿದೆ. ಕಾಕಾ ಅದೇ ವಿಡಿಯೋಕ್ಕೆ ಟೈಪು ಮಾಡಿದ್ದು ಹೀಗೆ ಶುರುವಾಗುತ್ತಿತ್ತು:

00:00 – ನಮಸ್ಕಾರ.
00:40 – ತನ್ನ ಹೊಗಳಿಕೆ.
06:15 – ಮತ್ತೂ ಹೊಗಳಿಕೆ.
09:30 – ಗಂಟೆ ಗುಂಡಿ ಒತ್ತಿರಿ ಅಂದ.
11:05 – ಪಾಠ ಶುರು.
14:20 – ಪಾಠ ಬಿಟ್ಟ. ತನ್ನ ಕಾರಿನ ವಿಷಯ.

ನನಗೆ ಸಿಟ್ಟು ಬಂತು. ದೊಡ್ಡವರನ್ನು ಹೀಗೆಲ್ಲ ಬರೆಯಬಾರದು ಎಂದೆ. "ನಾ ಏನೂ ಬರ್ದಿಲ್ಲ ಬೇಟಾ," ಎಂದರು. "ಅಂವ ಅಂದಾನ, ಗಡಿಯಾರ ನೋಡೇದ. ನಂದೇನು ತಪ್ಪು?"

ದಿನಾ ಸಂಜೆ ಬರೆದೆವು, ಒಂದು ವಿಡಿಯೋ ಅವರು, ಒಂದು ನಾನು, ಅದೇ ಕಂಪ್ಯೂಟರಿನಲ್ಲಿ. ತಿಂಗಳೆರಡು ಕಳೆದ ಮೇಲೆ ಕಾಕಾ ಆ ಫೈಲುಗಳನ್ನೆಲ್ಲ ಸಾಲಾಗಿ ತೆರೆದು ನನ್ನ ಮುಂದೆ ಇಟ್ಟರು. ಓದುತ್ತಾ ಹೋದೆ. ಬೇರೆ ಬೇರೆ ಹೆಸರಿನ ವಿಡಿಯೋ, ಒಳಗೆ ಅದೇ ಪಾಠ, ಅದೇ ಉದಾಹರಣೆ, ಅದೇ ಕಾರು. ಎರಡು ವರ್ಷ ನಾನು ನೋಡಿದ್ದು ಒಂದು ಹಿಡಿ ಮಾತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಒಂದರಿಂದ ಹತ್ತರವರೆಗೆ ಅವಿಭಾಜ್ಯ ಸಂಖ್ಯೆಗಳು ಎಷ್ಟು ಎಂಬ ಪ್ರಶ್ನೆಗೆ ನಾನು ಟೈಪು ಮಾಡಿದ್ದ ಒಂದು ವಿಡಿಯೋದ 23:10ಕ್ಕೆ ಸರ್ 'ಐದು' ಎಂದಿದ್ದರು. ಇನ್ನೊಂದರ 08:45ಕ್ಕೆ 'ನಾಲ್ಕು': ಎರಡು, ಮೂರು, ಐದು, ಏಳು. ಹಿಂದಿನ ಪರೀಕ್ಷೆಯಲ್ಲಿ ನಾನು ಐದು ಎಂದೇ ಗುರುತು ಹಾಕಿ ಬಂದಿದ್ದೆ.

ಅಷ್ಟರಲ್ಲಿ ಸರ್ ಯಾದಗಿರಿಗೇ ಬರುವ ಸುದ್ದಿ ಬಂತು. ಕೇಳಿಯೇ ಬಿಡೋಣ ಎಂದು ಹೊರಟೆ. ಕಾಕಾ ಟೋಪಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು. "ನಾನೂ ಬರ್ತೀನಿ. ಇಷ್ಟು ದಿನ ಅವನ್ನ ನಿಲ್ಸಿ ನಿಲ್ಸಿ ನೋಡೀನಿ. ನಿಲ್ಸದಽ ಒಮ್ಮಿ ನೋಡ್ತೀನಿ."

ಸಭಾಂಗಣ ತುಂಬಿತ್ತು. ಕಾಕಾ ಕೈಗಡಿಯಾರ ನೋಡುತ್ತಾ ಸಣ್ಣ ಡೈರಿಯಲ್ಲಿ ಬರೆಯುತ್ತಿದ್ದರು. ಬಗ್ಗಿ ನೋಡಿದೆ. 'ಹನ್ನೊಂದು ಹತ್ತು – ಇನ್ನೂ ಹಾರ.'

ಪ್ರಶ್ನೆ ಕೇಳುವ ಸಮಯ ಬಂದಾಗ ಎದ್ದು ನಿಂತು ಎರಡೂ ವಿಡಿಯೋಗಳ ಹೆಸರು, ಹೊತ್ತು ಹೇಳಿ, ಯಾವುದು ಸರಿ ಸರ್ ಎಂದು ಕೇಳಿದೆ. ಸರ್ ನಕ್ಕರು. "ಅಮ್ಮಾ, ನಾನು ಐದು ಅಂತ ಎಲ್ಲೂ ಹೇಳೇ ಇಲ್ಲ. ಹೀಗೆ ನಿಮಿಷ ಎಣಿಸ್ತಾ ಕೂತ್ರೆ ನೀವು ಪಾಸಾಗೋದು ಯಾವಾಗ?" ಸಭೆಯೆಲ್ಲ ನಕ್ಕಿತು. ನಾನು ಕುಳಿತೆ. ನಗದೇ ಇದ್ದವರು ಕಾಕಾ ಒಬ್ಬರೇ. ಅವರು ಹೊತ್ತು ಬರೆದುಕೊಳ್ಳುತ್ತಿದ್ದರು.

ಮರುದಿನ ಆ ವಿಡಿಯೋ ಹಾಕಿ 23:10ಕ್ಕೆ ಹೋದೆ. ಅಲ್ಲಿ ಭಿನ್ನರಾಶಿ ನಡೆದಿತ್ತು. ಹಿಂದೆ ಮುಂದೆ ಎಳೆದು ನೋಡಿದೆ. ಐದು ಎಂಬ ಮಾತೇ ಇಲ್ಲ. ಹಾಗಾದರೆ ತಪ್ಪು ಕೇಳಿದವಳು ನಾನು, ತಪ್ಪು ಬರೆದವಳು ನಾನು. ಎರಡು ಸಲ ಬಿದ್ದವಳು ಮೂರನೆಯ ಸಲವೂ ಬೀಳುವುದಕ್ಕೇ ಹುಟ್ಟಿದ್ದಾಳೆ. ಪರೀಕ್ಷೆಗೆ ಹೋಗುವುದೇ ಇಲ್ಲ ಎಂದು ಕಾಕಾನ ಕೋಣೆಯಲ್ಲಿ ಅತ್ತೆ.

ಕಾಕಾ ಸಮಾಧಾನ ಹೇಳುವ ಜಾತಿಯವರಲ್ಲ. "ಅಳೂದು ಆಮ್ಯಾಲ. ಮೊದ್ಲ ಸಾಲು ಓದು," ಎಂದರು.

ಒಂದೊಂದೇ ಸಾಲು ಓದಿದೆ, ಒಂದೊಂದಕ್ಕೂ ವಿಡಿಯೋ ನೋಡಿದೆವು. ಮೊದಲಿನವೆಲ್ಲ ಬರಾಬರ್ ಇದ್ದವು. ಐದು ಎಂದ ಜಾಗ ದಾಟಿದ ಮೇಲೆ, ನಮ್ಮ ಫೈಲಿನಲ್ಲಿ 24:50ಕ್ಕೆ ಇದ್ದ ಮಾತು ಈಗ 22:50ಕ್ಕೆ ಬಂತು. 31:00ಕ್ಕೆ ಇದ್ದದ್ದು 29:00ಕ್ಕೆ. ಕೊನೆಯವರೆಗೂ ಹಾಗೇ, ಎರಡೆರಡು ನಿಮಿಷ.

ಕಾಕಾ ಕುರ್ಚಿಗೆ ಒರಗಿದರು. "ತಿಳೀತೇನು? ನೀ ತಪ್ಪು ಬರ್ದಿದ್ರ ಒಂದು ಸಾಲು ಅತ್ತ, ಒಂದು ಸಾಲು ಇತ್ತ ಹೋಗ್ತಿತ್ತು. ಎಲ್ಲಾ ಒಂದಽ ಅಳತೀಲೆ ಸರದಾವ. ನಡುವಿನ ಎರಡು ನಿಮಿಷ ಕತ್ರಿ ಹಾಕ್ಯಾನ. ಛೀ, ಕತ್ತರಸಾಕೂ ನೆಟ್ಟಗ ಬರಂಗಿಲ್ಲ ಅವಗ."

ಆ 'ಛೀ' ಇಂದಿಗೂ ಕಿವಿಯಲ್ಲಿದೆ. ತಪ್ಪು ಹೇಳಿದ್ದಕ್ಕೆ ಬಂದ ಛೀ ಅಲ್ಲ ಅದು. ತಪ್ಪು ಯಾರಿಗಿಲ್ಲ. ಸಾವಿರ ಮಂದಿಯ ಮುಂದೆ ಒಂದು ಹುಡುಗಿಯನ್ನು ನಗೆಪಾಟಲು ಮಾಡಿ, ಮನೆಗೆ ಹೋಗಿ ಸದ್ದಿಲ್ಲದೆ ಹೆಜ್ಜೆಗುರುತು ಅಳಿಸುವ ದೊಡ್ಡಸ್ತಿಕೆಗೆ ಬಂದದ್ದು. ಅಂಥ ದೊಡ್ಡವರ ಮುಂದೆ ಎರಡು ವರ್ಷ ಬಾಯಿ ತೆರೆದು ಕೂತಿದ್ದ ನನ್ನ ಬಗ್ಗೆಯೂ ನನಗೆ ಅಸಹ್ಯವಾಯಿತು. ನಮ್ಮ ಅಮ್ಮ, ಅವ್ವನ ಅವ್ವ, ಹೇಳುತ್ತಿದ್ದಳು: "ಹೇಳಾಂವ ಹುಚ್ಚ ಆದ್ರ ಕೇಳಾಂವಗ ಬುದ್ಧಿ ಬ್ಯಾಡೇನು?"

ಆ ದಿನವೇ ಸರ್ ಅವರನ್ನು ಬಿಟ್ಟೆ. ಕಾಕಾ ಓಣಿಯ ಮನೆಮನೆ ತಿರುಗಿ ಶಾಲೆಯ ಹಳೆಯ ಪಠ್ಯಪುಸ್ತಕ ತಂದುಕೊಟ್ಟರು. ಓದಿದ್ದಕ್ಕೂ ಒಂದೊಂದು ಸಾಲು, ಹೊತ್ತಿನ ಬದಲು ಪುಟದ ಸಂಖ್ಯೆ. ಪರೀಕ್ಷೆ ಬರೆದೆ, ಪಾಸಾದೆ. ಅವಿಭಾಜ್ಯ ಸಂಖ್ಯೆಯ ಪ್ರಶ್ನೆ ಬರಲೇ ಇಲ್ಲ. ಪೇಡೆ ತೆಗೆದುಕೊಂಡು ಹೋದರೆ ಕಾಕಾ ಒಂದು ಚೂರು ಬಾಯಿಗೆ ಹಾಕಿಕೊಂಡು, "ಸಕ್ರಿ ಜಾಸ್ತಿ ಆಗ್ಯಾದ," ಎಂದರು. ಅಷ್ಟೇ.

ಕೆಂಭಾವಿಯ ಹತ್ತಿರದ ಶಾಲೆಗೆ ಹೋದ ಮೇಲೆ, ಕೊರೊನಾ ಬಂದು ಶಾಲೆ ಮುಚ್ಚಿದಾಗ, ನಾನೂ ವಿಡಿಯೋ ಮಾಡಬೇಕಾಯಿತು. ಗೋಡೆಗೆ ಕರಿಹಲಗೆ ನಿಲ್ಲಿಸಿ, ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ, ಮಕ್ಕಳಿಗೆ ಲೆಕ್ಕ ಹೇಳಿ, ಯಾರು ಬೇಕಾದರೂ ನೋಡುವ ಹಾಗೆ ನೆಟ್ಟಿಗೆ ಹಾಕುತ್ತಿದ್ದೆ. ಊರಿಗೆ ಬಂದಾಗ ಕಾಕಾನನ್ನು ಕೇಳಿದೆ: "ನನ್ನ ಪಾಠ ನೋಡಿದ್ರೇನ್ರಿ?"

"ನನಗ ಬ್ಯಾರೆ ಕೆಲ್ಸ ಇಲ್ಲೇನು?" ಎಂದು ಮುಖ ತಿರುಗಿಸಿದರು.

ಕಳೆದ ವರ್ಷ ಅವರು ತೀರಿಕೊಂಡರು. ಮಣ್ಣು ಕೊಡಲು ಹೋದವರೆಲ್ಲ ಆ ಎಡಗೈಯ ಮಾತನ್ನೇ ಆಡಿದರಂತೆ. ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೂ ಅದು ಎದ್ದು ಎದ್ದು ಗಾಳಿಯನ್ನು ತಳ್ಳುತ್ತಿತ್ತಂತೆ. ವಾರದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ಕಂಪ್ಯೂಟರ್ ತೋರಿಸಿದರು. "ನಿನ್ನ ಹೆಸರ್ಲೆ ಏನೋ ಅದವ್ವಾ, ನೋಡು."

ನನ್ನ ಪಾಠಗಳೆಲ್ಲ ಇದ್ದವು, ಒಂದೊಂದಕ್ಕೆ ಒಂದೊಂದು ಫೈಲು. ಮೊದಲನೆಯದನ್ನು ತೆರೆದೆ.

00:00 – ನಮಸ್ಕಾರ.
00:04 – ಪಾಠ ಶುರು.
03:50 – ಲೆಕ್ಕ ತಪ್ಪಿತು. ತಪ್ಪಿತು ಅಂದಳು. ತಿದ್ದಿದಳು.
05:10 – ಬೋರ್ಡಿಗೆ ಅಡ್ಡ ನಿಂತಾಳ.
05:40 – ಇನ್ನೂ ಅಡ್ಡ ನಿಂತಾಳ.

ಈಗ ನಮ್ಮ ಶಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸಿದ ಕೂಡಲೇ ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.