ಭಾವ ಗುಡಿಸಿಹಾಕಿದ ಸಾಕ್ಷಿ

ಕಂಪ್ಯೂಟರ್ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಕರೆಯುವುದು ಡಾಕ್ಟ್ರಮ್ಮ ಎಂದೇ. ಮುಟ್ಟಿ ನೋಡುವ ಮೊದಲೇ ಇಂಥದ್ದೇ ಕಾಯಿಲೆ ಎಂದು ಹೇಳಿಬಿಡುವ ಹೆಣ್ಣು. ಜಂಬ ಅನ್ನಿ, ಆದರೆ ಹೇಳಿದ್ದು ಹುಸಿಯಾದದ್ದು ಕಡಿಮೆ.

ಅಂಥವಳಿಗೆ ಅಕ್ಕನ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರ್ ನೀರು ಕುಡಿಸಿತು. ಕೆಲಸದ ನಡುವೆ ಪರದೆ ನೀಲಿಯಾಗಿ, ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು.

"ನೀನು ಹೊಸ ರ‍್ಯಾಮ್ ಹಾಕಿದ್ಮೇಲೇ ಶುರುವಾಗಿದ್ದಮ್ಮ," ಅಂದರು ಭಾವ. "ನಿನ್ನಿಂದ ಆಗಲ್ಲ ಅಂದ್ರೆ ಬೇರೆಯವ್ರನ್ನ ಕರೆಸ್ತೀನಿ."

ಅವಳು ಅಳುಕಿದಳು. ಸ್ವಂತ ಭಾವನೇ ನಂಬದವಳನ್ನು ಬೀದಿಯಲ್ಲಿ ಇನ್ಯಾರು ನಂಬುತ್ತಾರೆ? ಮುಖದಲ್ಲಿ ಮಾತ್ರ ತೋರಿಸಿಕೊಳ್ಳಲಿಲ್ಲ.

"ರ‍್ಯಾಮ್ ತಪ್ಪಲ್ಲ ಭಾವ, ಬರೆದಿಟ್ಕೊಳ್ಳಿ," ಎಂದು ಕುಳಿತಳು.

ಕಂಪ್ಯೂಟರ್ ಕುಸಿಯುವಾಗ ತನಗೇನಾಯಿತೆಂದು ಒಂದು ಫೈಲ್ ಬರೆದಿಟ್ಟೇ ಹೋಗುತ್ತದೆ. ಅದಕ್ಕೆ ಡಂಪ್ ಅನ್ನುತ್ತಾರೆ. ಅದನ್ನು ಓದಿದರೆ ಕಳ್ಳ ಸಿಕ್ಕಿದ ಹಾಗೆ. ಆದರೆ ಫೋಲ್ಡರ್ ಖಾಲಿ! ಸೆಟ್ಟಿಂಗ್ ಸರಿಯಿತ್ತು, ಡಿಸ್ಕಿನಲ್ಲಿ ಜಾಗವೂ ಬೇಕಾದಷ್ಟಿತ್ತು. ಡಂಪ್ ಉಳಿಸಿದ್ದೇನೆ ಎಂದು ಕಂಪ್ಯೂಟರೇ ತನ್ನ ದಿನಚರಿಯಂಥ ಲಾಗ್‌ನಲ್ಲಿ ಹೇಳಿಕೊಂಡಿತ್ತು. ಹಾಗಾದರೆ ನುಂಗಿದವರು ಯಾರು?

ಸಂಜೆ ಅಂಗಡಿ ಮುಚ್ಚುವ ಹೊತ್ತಾಯಿತು. ಭಾವ ಪೊರಕೆ ಹಿಡಿದು ಮೂಲೆ ಮೂಲೆ ಗುಡಿಸಿದರು, ಮೇಜು ಒರೆಸಿದರು. ಆಮೇಲೆ ಕಂಪ್ಯೂಟರ್ ಮುಂದೆ ಕುಳಿತು, ಬೇಡದ ಫೈಲುಗಳನ್ನು ಅಳಿಸುವ ಡಿಸ್ಕ್ ಕ್ಲೀನಪ್ ತೆರೆದು, ಇದ್ದಬದ್ದ ಚೌಕಕ್ಕೆಲ್ಲ, ಡಂಪಿನದಕ್ಕೂ ಸೇರಿಸಿ, ಟಿಕ್ ಹಾಕತೊಡಗಿದರು.

"ಏನ್ಮಾಡ್ತಿದೀರ ಭಾವ?"

"ದಿನಾ ಮಾಡೋದೇ. ಒಳಗೂ ಚೊಕ್ಕಟವಾಗಿರ್ಬೇಕಲ್ವಾ?"

ಅಕ್ಕ ಹಣೆ ಚಚ್ಚಿಕೊಂಡಳು. "ಮೊನ್ನೆ ನನ್ನ ಕನ್ನಡಕಾನೂ ಹೀಗೇ ಗುಡಿಸಿಹಾಕಿದ್ರು ಕಣೇ!"

ಡಾಕ್ಟ್ರಮ್ಮ ಆ ಒಳಗಿನ ಪೊರಕೆಗೆ ಒಂದು ದಿನ ರಜೆ ಕೊಡಿಸಿದಳು. ಮರುದಿನ ಮಧ್ಯಾಹ್ನ ಕಂಪ್ಯೂಟರ್ ಕುಸಿಯಿತು, ಫೈಲ್ ಉಳಿಯಿತು. ಓದಿದಳು. ಅದು ಮೆಮೊರಿಯತ್ತ, ಅಂದರೆ ರ‍್ಯಾಮಿನತ್ತಲೇ ಬೆರಳು ತೋರಿಸುತ್ತಿತ್ತು. ನಂಬಲಾಗದೆ ರ‍್ಯಾಮನ್ನೇ ಪರೀಕ್ಷೆಗೆ ಹಚ್ಚಿದಳು. ದೋಷ ಅವಳು ಹಾಕಿದ ಹೊಸದರದ್ದೇ.

ಅಕ್ಕ, ಭಾವ ಊಟಕ್ಕೆ ಹೋಗಿದ್ದರು. ಸದ್ದಿಲ್ಲದೆ ಬದಲಾಯಿಸಿ ಸುಮ್ಮನಿದ್ದರೆ ಸಾಕಿತ್ತು. ಫೈಲನ್ನು ಸಂಜೆ ಭಾವನೇ ಗುಡಿಸಿಹಾಕುತ್ತಿದ್ದರು. ಅವಳು ಕೆಟ್ಟ ರ‍್ಯಾಮನ್ನು ಕಿತ್ತು ಮೇಜಿನ ಮೇಲೆ ಎದ್ದು ಕಾಣುವಂತೆ ಇಟ್ಟು, ಚೀಲದಲ್ಲಿದ್ದ ಬೇರೊಂದನ್ನು ಹಾಕಿ ಅವರು ಬರುವವರೆಗೆ ಕಾದಳು.

"ನೀವು ಹೇಳಿದ್ದೇ ಸರಿ ಭಾವ, ತಪ್ಪು ನನ್ನದೇ. ಬೇರೆ ಹಾಕಿದೀನಿ. ಇನ್ನು ಕುಸಿಯಲ್ಲ, ಇದನ್ನೂ ಬರೆದಿಟ್ಕೊಳ್ಳಿ."

ಭಾವ ರ‍್ಯಾಮನ್ನು ನೋಡಿದರು, ಅವಳನ್ನು ನೋಡಿದರು. ಫೋನ್ ತೆಗೆದು ಪಕ್ಕದ ಅಂಗಡಿಯವರಿಗೆ ಕರೆ ಮಾಡಿದರು. ಬೀದಿಗೆಲ್ಲ ಸಾರುತ್ತಾರೆಂದುಕೊಂಡು ಅವಳು ಚೀಲ ಎತ್ತಿಕೊಂಡಳು.

"ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಅಂತಿದ್ರಲ್ಲ? ನಮ್ಮ ಡಾಕ್ಟ್ರಮ್ಮನ್ನ ಕಳಿಸ್ತೀನಿ. ಅವಳು ತನ್ನ ತಪ್ಪನ್ನೂ ಮುಚ್ಚಿಡೋಳಲ್ಲ."